ಬೆಳಕಿಗೆ ಬಾಯಿಬಿಡುವ ಔಷಧದ ಗುಳ್ಳೆ: ಸುದ್ದಿ ಎಷ್ಟು, ಚಿಕಿತ್ಸೆ ಎಷ್ಟು?

‘ಬೆಳಕು ಬಿದ್ದಾಗ ಮಾತ್ರ ಒಡೆದು ಔಷಧ ಸುರಿಸುವ ನ್ಯಾನೋ ಗುಳ್ಳೆ’, ‘ಲೇಸರ್ ಹಾಯಿಸಿದರೆ ಗಡ್ಡೆಯೊಳಗೇ ಕೀಮೋ’. ಇಂಥ ತಲೆಬರಹದ ಸುದ್ದಿಗಳು ಆಗಾಗ ಬರುತ್ತವೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತು ಹೊಡೆಯುತ್ತವೆ. ಮಂಗಳೂರು, ಮಣಿಪಾಲದಂಥ ಆಸ್ಪತ್ರೆಗಳ ಊರಿನಲ್ಲಿ ಅವು ಬರೀ ವಿಜ್ಞಾನದ ಸುದ್ದಿಯಾಗಿ ಉಳಿಯುವುದಿಲ್ಲ. ಕಾಸರಗೋಡಿನಿಂದ ಹಿಡಿದು ಉತ್ತರ ಕನ್ನಡದವರೆಗಿನ ಕ್ಯಾನ್ಸರ್ ರೋಗಿಗಳು ಬರುವುದು ಇಲ್ಲಿಗೇ. ಮುಂದಿನ ಕೀಮೋಗೆ ಬಂದವರು ‘ಡಾಕ್ಟ್ರೇ, ಆ ಲೇಸರ್ ಇಂಜೆಕ್ಷನ್ ನಮಗೆ ಆಗ್ತದಾ?’ ಎಂದು ಕೇಳಿದರೆ ಆಶ್ಚರ್ಯವಿಲ್ಲ.

ಗೊಂದಲಕ್ಕೆ ಕಾರಣವೂ ಇದೆ. ಮೆಡಿಕಲ್ ಶಾಪಿನಲ್ಲಿ ‘ಲಿಪೋಸೋಮಲ್’ (ಲಿಪೋಸೋಮ್ ಎಂಬ ಕೊಬ್ಬಿನ ಪುಟ್ಟ ಗುಳ್ಳೆಯಲ್ಲಿ ಔಷಧ ತುಂಬಿದ್ದು) ಎಂದು ಬರೆದ ಇಂಜೆಕ್ಷನ್ ಈಗಾಗಲೇ ಸಿಗುತ್ತದೆ. ಕಣ್ಣಿನ ಚಿಕಿತ್ಸೆಯಲ್ಲಿ ಔಷಧ ಕೊಟ್ಟು ಅದರ ಮೇಲೆ ಲೇಸರ್ ಬಿಡುವ ಪದ್ಧತಿಯೂ ಹಳೆಯದು. ಈ ಎರಡನ್ನೂ ಕಂಡವರಿಗೆ ಮೂರನೆಯದು, ಅಂದರೆ ಬೆಳಕಿಗೆ ತೆರೆದುಕೊಳ್ಳುವ ಲಿಪೋಸೋಮ್, ಬಂದೇಬಿಟ್ಟಿದೆ ಎನ್ನಿಸುತ್ತದೆ. ಅದು ಬಂದಿಲ್ಲ. ಯಾವ ದೇಶದಲ್ಲೂ ಅದು ಮಾರುಕಟ್ಟೆಯ ಔಷಧವಾಗಿಲ್ಲ. ಯಾಕಾಗಿಲ್ಲ ಎಂದು ಹುಡುಕುತ್ತ ಹೋದರೆ ತೊಡಕು ಗುಳ್ಳೆಗಿಂತ ಹೆಚ್ಚಾಗಿ ಬೆಳಕಿನಲ್ಲೇ ಇರುವುದು ಕಾಣುತ್ತದೆ.

ಊರಿನವರು ‘ಕರೆಂಟ್ ಕೊಡುವುದು’ ಎನ್ನುವ ರೇಡಿಯೇಷನ್ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರೇಡಿಯೇಷನ್‌ನಲ್ಲಿ ಹಾಯಿಸುವುದು ಎಕ್ಸ್-ರೇಯಂಥ ಹೆಚ್ಚು ಶಕ್ತಿಯ ಕಿರಣ. ಜೀವಕೋಶದ ಡಿಎನ್ಎಯನ್ನು ಆ ಕಿರಣವೇ ಹಾಳುಮಾಡುತ್ತದೆ. ಇಲ್ಲಿ ಬೆಳಕಿನ ಪಾಲಿನ ಮುಖ್ಯ ಕೆಲಸ ಗುಳ್ಳೆಯನ್ನು ತೆರೆಯುವುದು. ಕೊಲ್ಲುವುದು ಒಳಗಿರುವ ಔಷಧ.

ಕೊಬ್ಬಿನ ಎರಡು ಪದರ

1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ಬೇಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಎಂಬ ವಿಜ್ಞಾನಿ ಫಾಸ್ಫೋಲಿಪಿಡ್‌ಗಳನ್ನು ನೀರಿಗೆ ಹಾಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಈ ಕೊಬ್ಬಿನ ಅಣುವಿಗೆ ನೀರು ಬಯಸುವ ಒಂದು ತಲೆ, ನೀರನ್ನು ದೂರವಿಡುವ ಎರಡು ಬಾಲ. ನೀರಿಗೆ ಬಿದ್ದೊಡನೆ ಬಾಲಗಳೆಲ್ಲ ಒಳಗೆ ಸೇರಿ, ತಲೆಗಳು ಹೊರಮುಖವಾಗಿ, ಎರಡು ಪದರದ ಗೋಡೆಯಾಗುತ್ತದೆ. ಆ ಗೋಡೆ ತನ್ನಷ್ಟಕ್ಕೆ ಸುತ್ತಿಕೊಂಡು ಗುಳ್ಳೆಯಾಗುತ್ತದೆ. ಅದೇ ಲಿಪೋಸೋಮ್. ನೀರಿನಲ್ಲಿ ಕರಗುವ ಔಷಧವನ್ನು ಅದರ ಹೊಟ್ಟೆಯಲ್ಲಿ, ಕೊಬ್ಬಿನಲ್ಲಿ ಕರಗುವುದನ್ನು ಗೋಡೆಯಲ್ಲೇ ಇಡಬಹುದು. ನಮ್ಮ ಜೀವಕೋಶದ ಪೊರೆಯೂ ಇದೇ ಸಾಮಗ್ರಿಯದು, ಹಾಗಾಗಿ ದೇಹ ಇದನ್ನು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ.

ಮಾಡುವುದು ಕಷ್ಟವೇನಲ್ಲ. ಸೋಯಾ ಅಥವಾ ಮೊಟ್ಟೆಯ ಲೆಸಿಥಿನ್ ಅನ್ನು ದ್ರಾವಕದಲ್ಲಿ ಕರಗಿಸಿ, ರೋಟರಿ ಇವಾಪೊರೇಟರಿನ ಫ್ಲಾಸ್ಕಿನಲ್ಲಿ ತೆಳ್ಳಗಿನ ಪದರವಾಗಿ ಒಣಗಿಸಿ, ಔಷಧ ಬೆರೆಸಿದ ನೀರು ಹಾಕಿ ತಿರುಗಿಸಿದರೆ ಲಿಪೋಸೋಮ್ ಸಿದ್ಧ. ಮಣಿಪಾಲ, ದೇರಳಕಟ್ಟೆಯ ಫಾರ್ಮಸಿ ಕಾಲೇಜುಗಳಲ್ಲಿ ಎಂ.ಫಾರ್ಮ್ ಓದುವವರಿಗೆ ಇದು ಪರಿಚಿತ ವಿಧಾನ. ಸುದ್ದಿಗಳು ಇಷ್ಟೊಂದು ಬರುವುದಕ್ಕೆ ಇದೂ ಒಂದು ಕಾರಣ ಎನ್ನಬೇಕು. ಫ್ಲಾಸ್ಕಿನಲ್ಲಿ ಮಾಡಿ ಪ್ರಬಂಧ ಪ್ರಕಟಿಸುವುದಕ್ಕೂ, ಎಲ್ಲ ಗುಳ್ಳೆಗಳೂ ಒಂದೇ ಗಾತ್ರದಲ್ಲಿದ್ದು ತಿಂಗಳುಗಟ್ಟಲೆ ಸೋರದಂತೆ ವಯಲ್ ತುಂಬುವುದಕ್ಕೂ ಅಜಗಜಾಂತರ. ಅಮೆರಿಕದಲ್ಲೇ 2011ರಲ್ಲಿ ತಯಾರಿಕಾ ಘಟಕವೊಂದು ಕೈಕೊಟ್ಟು ಡಾಕ್ಸಿಲ್ ಎಂಬ ಲಿಪೋಸೋಮ್ ಔಷಧಕ್ಕೆ ಕೊರತೆಯಾಯಿತು. 2012ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಭಾರತದ ಸನ್ ಫಾರ್ಮಾದ ಲಿಪೋಡಾಕ್ಸ್ ಅನ್ನು ತಾತ್ಕಾಲಿಕವಾಗಿ ಆಮದು ಮಾಡಿಕೊಳ್ಳಲು ಬಿಟ್ಟಿತು.

ಹೆಸರು ಜನರ ಬಾಯಿಗೆ ಬಂದದ್ದು 2021ರಲ್ಲಿ

ಕನ್ನಡದ ಸಾಮಾನ್ಯ ಓದುಗರಿಗೆ ಈ ಹೆಸರು ಪರಿಚಯವಾದದ್ದು ಕೋವಿಡ್‌ನ ಎರಡನೇ ಅಲೆಯ ಹೊತ್ತಿಗೆ. ಬ್ಲ್ಯಾಕ್ ಫಂಗಸ್ ಹರಡಿದಾಗ ದೇಶದ ಎಲ್ಲೆಡೆಯಂತೆ ಇಲ್ಲೂ ಮನೆಯವರು ‘ಲಿಪೋಸೋಮಲ್ ಆಂಫೊಟೆರಿಸಿನ್ ಬಿ’ ವಯಲ್‌ಗಾಗಿ ಅಲೆದರು. ಆ ವರ್ಷದ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಆ ಔಷಧದ ಮೇಲಿನ ತೆರಿಗೆಯನ್ನೇ ತಾತ್ಕಾಲಿಕವಾಗಿ ತೆಗೆದುಹಾಕಿತು.

ಆಂಫೊಟೆರಿಸಿನ್ ಹಳೆಯ ಔಷಧ, ಸಾದಾ ರೂಪದಲ್ಲಿ ಬೆಲೆಯೂ ಕಡಿಮೆ. ತೊಂದರೆ ಏನೆಂದರೆ ಅದು ಶಿಲೀಂಧ್ರವನ್ನು ಕೊಲ್ಲುವುದರ ಜೊತೆಗೆ ಕಿಡ್ನಿಯನ್ನೂ ಹಾಳುಮಾಡುತ್ತದೆ. ಲಿಪೋಸೋಮ್ ಒಳಗಿಟ್ಟರೆ ಕಿಡ್ನಿಗೆ ತಾಗುವುದು ಕಡಿಮೆಯಾಗುತ್ತದೆ, ಆದ್ದರಿಂದ ಹೆಚ್ಚು ಡೋಸ್ ಕೊಡಬಹುದು. ಔಷಧ ಅದೇ, ವಾಹನ ಬೇರೆ. ಅಡ್ಡಪರಿಣಾಮ ಇಳಿಯಿತು, ಬಿಲ್ ಏರಿತು. ಲಿಪೋಸೋಮ್‌ನ ಇಡೀ ಚರಿತ್ರೆಯಲ್ಲಿ ಮತ್ತೆ ಮತ್ತೆ ನಡೆದಿರುವುದು ಇದೇ.

ತಲುಪುವುದು ಬೇರೆ, ಬಿಡುವುದು ಬೇರೆ

ಕ್ಯಾನ್ಸರಿಗೆ ಬಂದರೆ ಡಾಕ್ಸೊರುಬಿಸಿನ್ ನೋಡಬೇಕು. ಕೆಂಪು ಬಣ್ಣದ ಈ ಕೀಮೋ ಔಷಧ ಗಡ್ಡೆಗೆ ಎಷ್ಟು ಕಠೋರವೋ ಹೃದಯಕ್ಕೂ ಅಷ್ಟೇ. ಜೀವಮಾನದಲ್ಲಿ ಇಷ್ಟೇ ಕೊಡಬಹುದೆಂಬ ಮಿತಿಯಿದೆ. ಇದನ್ನು ಸುಮಾರು 100 ನ್ಯಾನೋಮೀಟರ್ (ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು) ಗಾತ್ರದ ಲಿಪೋಸೋಮ್‌ನಲ್ಲಿ ತುಂಬಿ, ರಕ್ತದ ಕಾವಲು ಕೋಶಗಳ ಕಣ್ಣಿಗೆ ಬೇಗ ಬೀಳದಂತೆ ಮೇಲೊಂದು ಪಾಲಿಮರ್ ಹೊದಿಕೆ ಹಾಕಿದ್ದೇ ಡಾಕ್ಸಿಲ್. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇದನ್ನು ಮೊದಲ ನ್ಯಾನೋ ಔಷಧ ಎನ್ನುತ್ತಾರೆ.

ಇದರ ಫಲ ಏನಾಯಿತು? ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಸಾದಾ ಔಷಧದೊಂದಿಗೆ ಹೋಲಿಸಿದ, 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೃದಯಕ್ಕೆ ಆಗುವ ಹಾನಿ ಬಹಳ ಕಡಿಮೆಯಾಗಿತ್ತು, ಅಂಗೈ ಅಂಗಾಲು ಸುಲಿಯುವ ಹೊಸ ತೊಂದರೆ ಸೇರಿತ್ತು. ಕ್ಯಾನ್ಸರನ್ನು ತಡೆಯುವುದರಲ್ಲಿ ಮಾತ್ರ ಎರಡೂ ಸರಿಸಮ. ಗಡ್ಡೆಯನ್ನು ‘ಹುಡುಕಿಕೊಂಡು ಹೋಗುವ’ ಔಷಧವೆಂದು ಕೇಳಿದವರಿಗೆ ಇದು ನಿರಾಸೆ ತರುತ್ತದೆ.

ಕಾರಣ ಎರಡು. ಮೊದಲನೆಯದು, ಬಹುಪಾಲು ಕಣಗಳು ಗಡ್ಡೆಯನ್ನು ಮುಟ್ಟುವುದೇ ಇಲ್ಲ. ಟೊರೊಂಟೊದ ಸಂಶೋಧಕರು ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಹಾಕಿ 2016ರಲ್ಲಿ ತೋರಿಸಿದಂತೆ, ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆ ಸೇರುವುದರ ಮಧ್ಯಕ ಪ್ರಮಾಣ ಕೇವಲ ಶೇ 0.7. ಉಳಿದದ್ದರಲ್ಲಿ ಹೆಚ್ಚಿನದನ್ನು ಲಿವರ್ ಮತ್ತು ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ಎರಡನೆಯದು, ತಲುಪಿದ ಗುಳ್ಳೆಯೂ ಔಷಧವನ್ನು ಸಾಕಷ್ಟು ವೇಗವಾಗಿ ಬಿಡುವುದಿಲ್ಲ. ಸಿಸ್‌ಪ್ಲಾಟಿನ್ ಔಷಧವನ್ನು ಇದೇ ಬಗೆಯ ಲಿಪೋಸೋಮ್‌ನಲ್ಲಿ ತುಂಬಿದ ಎಸ್‌ಪಿಐ-77 ಎಂಬ ಪ್ರಯತ್ನ ಇದಕ್ಕೆ ಒಳ್ಳೆಯ ಸಾಕ್ಷಿ. ಗುಳ್ಳೆ ಗಟ್ಟಿಮುಟ್ಟಾಗಿತ್ತು, ರಕ್ತದಲ್ಲಿ ದೀರ್ಘಕಾಲ ಉಳಿಯಿತು, ಗಡ್ಡೆಯನ್ನೂ ಸೇರಿತು. ಔಷಧ ಮಾತ್ರ ಹೊರಗೆ ಬರಲೇ ಇಲ್ಲ! ರೋಗಿಗಳಲ್ಲಿ ಅದು ಸೋತಿತು.

ಇಕ್ಕಟ್ಟು ಇರುವುದು ಇಲ್ಲೇ. ಗೋಡೆ ಸಡಿಲವಾದರೆ ಔಷಧ ದಾರಿಯಲ್ಲೇ ಸೋರಿ ಇಡೀ ದೇಹಕ್ಕೆ ಹರಡುತ್ತದೆ. ಬಿಗಿಯಾದರೆ ಗಡ್ಡೆಯೊಳಗೂ ಬಾಯಿಬಿಡುವುದಿಲ್ಲ. ಹಾಗಿದ್ದರೆ ಗೋಡೆಯನ್ನು ಬಿಗಿಯಾಗಿಯೇ ಮಾಡೋಣ, ಬೇಕಾದಾಗ ಹೊರಗಿನಿಂದ ಸಂಕೇತ ಕೊಟ್ಟು ತೆರೆಯೋಣ ಎಂಬ ಯೋಚನೆ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ಇನ್ನೊಂದು ಅನುಕೂಲವೂ ಕಂಡಿತು: ಗುಳ್ಳೆ ಗಡ್ಡೆಯ ಒಳಕ್ಕೆ ನುಸುಳುವವರೆಗೆ ಕಾಯಬೇಕಾಗಿಲ್ಲ. ಗಡ್ಡೆಯ ರಕ್ತನಾಳದಲ್ಲಿ ಹರಿದು ಹೋಗುತ್ತಿರುವಾಗಲೇ ತೆರೆದರೆ ಔಷಧದ ಸಣ್ಣ ಅಣುಗಳು ತಾವಾಗಿಯೇ ಒಳಗೆ ಇಳಿಯುತ್ತವೆ.

ಗೋಡೆ ತೆರೆಯುವ ಬಗೆಗಳು

ಶಾಖ, ಅಲ್ಟ್ರಾಸೌಂಡ್, ಗಡ್ಡೆಯ ಆಮ್ಲೀಯತೆ ಹೀಗೆ ಸಂಕೇತಗಳು ಹಲವು ಇವೆ. ಬೆಳಕಿನ ಆಕರ್ಷಣೆ ಅದರ ನಿಖರತೆ. ಇಂಥ ಜಾಗಕ್ಕೆ, ಇಷ್ಟೇ ಸೆಕೆಂಡು, ಇಷ್ಟೇ ತೀವ್ರತೆ ಎಂದು ಹಿಡಿತದಲ್ಲಿಡಬಹುದು.

ಒಂದು ಬಗೆಯಲ್ಲಿ ಅಜೋಬೆಂಜೀನ್‌ನಂಥ ಅಣುವನ್ನು ಗೋಡೆಗೆ ಸೇರಿಸುತ್ತಾರೆ. ನೆಟ್ಟಗಿರುವ ಆ ಅಣು ನೇರಳಾತೀತ ಬೆಳಕಿಗೆ ಬಾಗುತ್ತದೆ, ಅಕ್ಕಪಕ್ಕದ ಕೊಬ್ಬಿನ ಬಾಲಗಳ ಜೋಡಣೆ ಕದಲಿ ಔಷಧ ಸೋರುತ್ತದೆ; ನೀಲಿ ಬೆಳಕು ಬಿಟ್ಟರೆ ಅಣು ಮತ್ತೆ ನೆಟ್ಟಗಾಗುತ್ತದೆ. ನೋಡಲು ಬಲು ಸೊಗಸು, ಆದರೆ ನೇರಳಾತೀತ ಬೆಳಕು ಚರ್ಮದಲ್ಲಿ ಒಂದು ಮಿಲಿಮೀಟರ್ ಕೂಡ ಸರಿಯಾಗಿ ದಾಟುವುದಿಲ್ಲ.

ಎರಡನೆಯ ಬಗೆ ಬೆಳಕನ್ನು ಶಾಖವಾಗಿಸುವುದು. ತೆಂಗಿನೆಣ್ಣೆ ಘಟ್ಟದ ಮೇಲಿನ ಚಳಿಯಲ್ಲಿ ಹೆಪ್ಪುಗಟ್ಟಿ ಮಂಗಳೂರಿನ ಸೆಕೆಯಲ್ಲಿ ತಿಳಿಯಾಗಿರುವಂತೆ, ಲಿಪೋಸೋಮ್ ಗೋಡೆಯ ಕೊಬ್ಬಿಗೂ ಮೆದುವಾಗುವ ಒಂದು ನಿರ್ದಿಷ್ಟ ಉಷ್ಣತೆಯಿದೆ. ಡಿಪಿಪಿಸಿ ಎಂಬ ಲಿಪಿಡ್‌ಗೆ ಅದು 41 ಡಿಗ್ರಿ ಸೆಲ್ಸಿಯಸ್, ದೇಹದ ಶಾಖಕ್ಕಿಂತ ತುಸುವೇ ಮೇಲೆ. ಗುಳ್ಳೆಯ ಜೊತೆಗೆ ಬೆಳಕು ಹೀರಿ ಬಿಸಿಯಾಗುವ ಚಿನ್ನದ ಕಣವನ್ನೋ ಇಂಡೊಸಯನೀನ್ ಗ್ರೀನ್ ಎಂಬ ಬಣ್ಣವನ್ನೋ ಇಟ್ಟರೆ, ಬೆಳಕು ಬಿದ್ದ ಜಾಗದಲ್ಲಷ್ಟೇ ಗೋಡೆ ಮೆದುವಾಗುತ್ತದೆ. ನಮ್ಮ ದೇಶದಲ್ಲೂ ಕೆಲಸ ನಡೆದಿದೆ: ಐಐಟಿ ಬಾಂಬೆಯ ರೋಹಿತ್ ಶ್ರೀವಾಸ್ತವ ಮತ್ತು ಸಂಗಡಿಗರು ಲಿಪೋಸೋಮ್‌ಗೆ ಚಿನ್ನದ ಲೇಪ ಕೊಟ್ಟು, ಬೆಳಕಿನ ಶಾಖದಿಂದ ಇಲಿಗಳ ಗಡ್ಡೆ ಕುಗ್ಗಿಸಿದ್ದನ್ನು 2015ರಲ್ಲಿ ಪ್ರಕಟಿಸಿದರು.

ಮೂರನೆಯದು ಪೋರ್ಫಿರಿನ್‌ನ ದಾರಿ. ರಕ್ತಕ್ಕೆ ಕೆಂಪು ಕೊಡುವ ಹೀಮ್‌ನ ಬಳಗದ ಅಣು ಇದು. ಇದನ್ನೇ ಲಿಪಿಡ್‌ಗೆ ಬೆಸೆದು ಗುಳ್ಳೆ ಕಟ್ಟಬಹುದೆಂದು ಟೊರೊಂಟೊದ ಗಾಂಗ್ ಝೆಂಗ್ ತಂಡ 2011ರಲ್ಲಿ ತೋರಿಸಿತು. ಆ ತಂಡದಲ್ಲಿದ್ದು ಮುಂದೆ ಅಮೆರಿಕದ ಬಫಲೊಗೆ ಹೋದ ಜೊನಾಥನ್ ಲೊವೆಲ್, ಕೆಂಪು ಲೇಸರ್ ಬಿಟ್ಟರೆ ಇಂಥ ಗುಳ್ಳೆ ಔಷಧ ಬಿಡುತ್ತದೆಂದು 2014ರಲ್ಲಿ ಇಲಿಗಳಲ್ಲಿ ತೋರಿಸಿದರು. ಆಸ್ಪತ್ರೆಗೆ ಯಾವುದಾದರೂ ಬರುವುದಿದ್ದರೆ ಇಂಡೊಸಯನೀನ್ ಅಥವಾ ಪೋರ್ಫಿರಿನ್ ಆಧರಿಸಿದ್ದೇ ಮೊದಲು ಬರುವ ಸಂಭವ ಹೆಚ್ಚು. ಈ ಬಣ್ಣಗಳು ಮನುಷ್ಯರ ದೇಹದಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದು ವೈದ್ಯರಿಗೆ ದಶಕಗಳಿಂದ ಗೊತ್ತು.

ಬೆರಳಿನ ಹಿಂದೆ ಟಾರ್ಚ್

ಕತ್ತಲಲ್ಲಿ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟರೆ ಕೆಂಪಾಗಿ ಕಾಣುತ್ತದೆ. ಟಾರ್ಚಿನದು ಬಿಳಿ ಬೆಳಕು. ನೀಲಿ ಮತ್ತು ಹಸಿರನ್ನು ರಕ್ತದ ಹಿಮೊಗ್ಲೋಬಿನ್ ನುಂಗಿದ ಮೇಲೆ ದಾಟಿ ಬರುವುದು ಕೆಂಪು ಮಾತ್ರ. ಇನ್ನೂ ಆಚೆಗೆ, ಕಣ್ಣಿಗೆ ಕಾಣದ ಸಮೀಪದ ಅತಿಗೆಂಪಿಗೆ ಹೋದರೆ ಮತ್ತಷ್ಟು ಆಳ ಸಿಗುತ್ತದೆ. ತೀರಾ ಆಚೆ ಹೋದರೆ ದೇಹದ ನೀರೇ ಬೆಳಕನ್ನು ಹೀರತೊಡಗುತ್ತದೆ. ಹಾಗಾಗಿ ವಿಜ್ಞಾನಿಗಳು ನೆಚ್ಚಿಕೊಂಡಿರುವುದು ಸುಮಾರು 650ರಿಂದ 900 ನ್ಯಾನೋಮೀಟರ್ ತರಂಗಾಂತರದ ನಡುವಿನ ಕಿಟಕಿಯನ್ನು.

ಆ ಕಿಟಕಿಯಲ್ಲೂ ಗುಳ್ಳೆ ತೆರೆಯುವಷ್ಟು ತೀವ್ರತೆ ಉಳಿಯುವುದು ಕೆಲವು ಮಿಲಿಮೀಟರ್, ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಳದವರೆಗೆ. ಇಲಿಯ ತೊಡೆಯ ಚರ್ಮದಡಿ ಬೆಳೆಸಿದ ಬಟಾಣಿ ಗಾತ್ರದ ಗಡ್ಡೆಗೆ ಇದು ಧಾರಾಳ ಸಾಕು. ಮನುಷ್ಯನ ಮೇದೋಜೀರಕ ಗ್ರಂಥಿಗೆ, ಲಿವರಿಗೆ ಎಲ್ಲಿ ಸಾಕು? ಚರ್ಮದ ಬಣ್ಣವೂ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಮೆಲನಿನ್ ಬೆಳಕು ಹೀರುತ್ತದೆ. ಕಪ್ಪು ಚರ್ಮದವರಲ್ಲಿ ಪಲ್ಸ್ ಆಕ್ಸಿಮೀಟರ್ ರಕ್ತದ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂಬ ಆಕ್ಷೇಪ ಕೋವಿಡ್ ಕಾಲದಲ್ಲಿ ಎದ್ದದ್ದು ನೆನಪಿರಬಹುದು. ಹೊರಗಿನಿಂದ ಬೆಳಕು ಹಾಯಿಸುವ ಯಾವ ಚಿಕಿತ್ಸೆಯೂ ನಮ್ಮವರ ಚರ್ಮದ ಮೇಲೆ ಬೇರೆಯಾಗಿಯೇ ಪರೀಕ್ಷೆಯಾಗಬೇಕು.

ಒಳಗಿನ ಅಂಗಕ್ಕೆ ಸೂಜಿಯ ಮೂಲಕವೋ ಎಂಡೋಸ್ಕೋಪ್ ಮೂಲಕವೋ ಆಪ್ಟಿಕಲ್ ಫೈಬರ್ ಇಳಿಸಬಹುದಲ್ಲ ಎಂದರೆ, ಇಳಿಸಬಹುದು. ಆದರೆ ಗಡ್ಡೆಯವರೆಗೆ ಸೂಜಿ ಹೋಗುತ್ತದೆ ಎಂದಾದರೆ ಅದನ್ನು ನೇರವಾಗಿ ಸುಡಬಹುದು, ಅನೇಕ ಸಲ ಕತ್ತರಿಸಿಯೇ ತೆಗೆಯಬಹುದು. ಹೊಸ ಚಿಕಿತ್ಸೆ ಅವಕ್ಕಿಂತ ಮೇಲೆಂದು ಸಾಬೀತಾಗಬೇಕು.

ಸುದ್ದಿಗಳು ಬಿಟ್ಟುಬಿಡುವ ಮುಖ್ಯ ಸಂಗತಿ ಇನ್ನೊಂದಿದೆ. ಕೀಮೋ ಇಡೀ ದೇಹಕ್ಕೆ ಹರಡುತ್ತದೆ ಎಂಬುದನ್ನು ನಾವು ದೋಷವೆಂದೇ ಎಣಿಸುತ್ತೇವೆ. ಸ್ಕ್ಯಾನಿನಲ್ಲಿ ಕಾಣದೆ ಎಲ್ಲೋ ಅಡಗಿರುವ ಕ್ಯಾನ್ಸರ್ ಕೋಶಗಳನ್ನು ಅದು ಮುಟ್ಟುವುದು ಹಾಗೆ ಹರಡುವುದರಿಂದಲೇ. ಬೆಳಕು ಬಿಡಬೇಕಾದರೆ ಎಲ್ಲಿಗೆ ಎಂದು ಮೊದಲೇ ಗೊತ್ತಿರಬೇಕು. ಹರಡಿದ ಕ್ಯಾನ್ಸರ್‌ನಲ್ಲಿ ಅದು ಗೊತ್ತಿರುವುದಿಲ್ಲ. ಹೀಗಾಗಿ ಈ ತಂತ್ರ ಕೀಮೋಗೆ ಬದಲಿ ಎನ್ನುವುದಕ್ಕಿಂತ ಸರ್ಜರಿ, ರೇಡಿಯೇಷನ್‌ಗಳ ಸಾಲಿಗೆ ಸೇರುವ ಸ್ಥಳೀಯ ಚಿಕಿತ್ಸೆ ಎಂದು ನೋಡುವುದು ಸರಿ. ‘ಕೀಮೋ ಇನ್ನು ಬೇಡ’ ಎಂಬ ತಲೆಬರಹ ತಪ್ಪುವುದು ಈ ಬಿಂದುವಿನಲ್ಲಿ.

ಶಾಖದ ಗುಳ್ಳೆ ಎಡವಿದ ಕಥೆ

ತಜ್ಞರಲ್ಲಿ ಎರಡು ಬಣಗಳಿವೆ. ಸಂಕೇತಕ್ಕೆ ತೆರೆಯುವ ಗುಳ್ಳೆಯೇ ಮುಂದಿನ ದಾರಿ, ಸರಿಯಾದ ಬೆಳಕು ಮತ್ತು ಸಾಧನ ಸಿಗುವುದಷ್ಟೇ ಬಾಕಿ ಎನ್ನುವವರು ಒಂದು ಕಡೆ. ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಕಾಣುವುದಿಲ್ಲ, ವ್ಯವಸ್ಥೆ ಜಟಿಲವಾದಷ್ಟೂ ಸೋಲುವ ಜಾಗಗಳು ಹೆಚ್ಚು ಎನ್ನುವವರು ಇನ್ನೊಂದು ಕಡೆ. ಎರಡನೆಯವರು ಬೊಟ್ಟು ಮಾಡುವುದು ಥರ್ಮೊಡಾಕ್ಸ್ ಕಡೆಗೆ.

ಥರ್ಮೊಡಾಕ್ಸ್ ಶಾಖಕ್ಕೆ ತೆರೆಯುವ ಡಾಕ್ಸೊರುಬಿಸಿನ್ ಲಿಪೋಸೋಮ್. ಲಿವರ್ ಕ್ಯಾನ್ಸರಿನ ಗಡ್ಡೆಯನ್ನು ರೇಡಿಯೋ ತರಂಗದ ಸೂಜಿಯಿಂದ ಸುಡುವಾಗ ಸುತ್ತಲಿನ ಬೆಚ್ಚನೆಯ ಅಂಚಿನಲ್ಲಿ ಅದು ಔಷಧ ಬಿಡಬೇಕಿತ್ತು. 701 ರೋಗಿಗಳ ಮೂರನೇ ಹಂತದ ಪ್ರಯೋಗ 2013ರ ಜನವರಿಯಲ್ಲಿ ಗುರಿ ಮುಟ್ಟಲಿಲ್ಲವೆಂದು ಗೊತ್ತಾಯಿತು. ಅಂಕಿ-ಅಂಶ ಕೆದಕಿದಾಗ 45 ನಿಮಿಷಕ್ಕಿಂತ ಹೆಚ್ಚು ಶಾಖ ಕೊಟ್ಟವರಲ್ಲಿ ಲಾಭ ಕಂಡಂತೆ ತೋರಿತು. ಅದನ್ನೇ ನಂಬಿ 556 ರೋಗಿಗಳ ಇನ್ನೊಂದು ಪ್ರಯೋಗ ನಡೆಯಿತು. 2020ರಲ್ಲಿ ಅದೂ ನಿರರ್ಥಕವೆಂಬ ಸೂಚನೆ ಬಂತು. ಹಿನ್ನೋಟದಲ್ಲಿ ಹೆಕ್ಕಿದ ಆಶೆ ಮುನ್ನೋಟದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಇದರಿಂದ ಬೆಳಕಿನ ಗುಳ್ಳೆಯೂ ಸೋಲುತ್ತದೆಂದು ತೀರ್ಮಾನಿಸುವುದು ಅವಸರವಾದೀತು. ಅಲ್ಲಿ ಎಷ್ಟು ಶಾಖ, ಎಷ್ಟು ಹೊತ್ತು ಎಂಬುದು ಡಾಕ್ಟರಿಂದ ಡಾಕ್ಟರಿಗೆ ಬದಲಾಗುತ್ತಿತ್ತು. ಬೆಳಕನ್ನು ಅದಕ್ಕಿಂತ ಬಿಗಿಯಾಗಿ ಅಳೆದು ಕೊಡಬಹುದು. ಆದರೂ ಇಲಿ ಪ್ರಯೋಗದ ಸುದ್ದಿಗೆ ರೋಗಿ ತನ್ನ ಚಿಕಿತ್ಸೆಯನ್ನು ತಡೆಹಿಡಿಯಬಾರದು ಎಂಬುದಕ್ಕೆ ಇದಕ್ಕಿಂತ ಬಲವಾದ ಪುರಾವೆ ಬೇಕಿಲ್ಲ.

ಬೆಳಕು ಗೆದ್ದ ಜಾಗಗಳು

ಬೆಳಕು ಸುಲಭವಾಗಿ ತಲುಪುವ ಕಡೆ ಅದು ಆಗಲೇ ಗೆದ್ದಿದೆ. ಕಣ್ಣಿನ ಅಕ್ಷಿಪಟಲದ ಕಾಯಿಲೆಗೆ 2000ದಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಿಸುಡೈನ್ ಲಿಪೋಸೋಮ್ ರೂಪದ್ದೇ. ಕೈಯ ನರಕ್ಕೆ ಡ್ರಿಪ್ ಹಾಕಿ, ಡ್ರಿಪ್ ಶುರುವಾದ 15 ನಿಮಿಷಕ್ಕೆ 689 ನ್ಯಾನೋಮೀಟರಿನ ಕೆಂಪು ಲೇಸರನ್ನು 83 ಸೆಕೆಂಡು ಕಣ್ಣಿಗೆ ಬಿಡುತ್ತಾರೆ. ಆದರೆ ಇಲ್ಲಿ ಗುಳ್ಳೆ ಬರೀ ಸಾಗಣೆಗೆ. ಬೆಳಕು ಚುರುಕುಗೊಳಿಸುವುದು ಔಷಧವನ್ನು. ಆಮೇಲೆ ಐದು ದಿನ ಬಿಸಿಲಿಗೆ ಮೈಯೊಡ್ಡುವಂತಿಲ್ಲ. ಏಪ್ರಿಲ್ ತಿಂಗಳ ಕರಾವಳಿಯಲ್ಲಿ ಇದನ್ನು ಪಾಲಿಸುವುದು ಹೇಳಿದಷ್ಟು ಸುಲಭವಲ್ಲ. 2006ರಿಂದ ಕಣ್ಣಿಗೇ ಚುಚ್ಚುವ ಹೊಸ ಇಂಜೆಕ್ಷನ್‌ಗಳು ಬಂದು ಇದರ ಬಳಕೆ ಬಹಳ ಇಳಿಯಿತು. ಚೆನ್ನಾಗಿ ಕೆಲಸ ಮಾಡುವ ಬೆಳಕಿನ ಚಿಕಿತ್ಸೆಯೂ ಹೆಚ್ಚು ಸರಳವಾದುದು ಬಂದಾಗ ಬದಿಗೆ ಸರಿಯುತ್ತದೆ.

ಎರಡನೆಯ ಉದಾಹರಣೆ ಜಪಾನಿನದು. ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಬೆಳಕು ಹೀರುವ ಬಣ್ಣವನ್ನು ಪ್ರತಿಕಾಯಕ್ಕೆ ಅಂಟಿಸಿ ಕೊಟ್ಟು, ಬಳಿಕ ಕೆಂಪು ಬೆಳಕು ಬಿಡುವ ಆಕಲಕ್ಸ್ ಎಂಬ ಚಿಕಿತ್ಸೆಗೆ 2020ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಲಿಪೋಸೋಮ್ ಅದರಲ್ಲಿ ಇಲ್ಲ. ಬಾಯಿ, ಗಂಟಲಿನ ಗಡ್ಡೆಗೆ ಬೆಳಕು ಮುಟ್ಟಿಸುವುದು ಆಸ್ಪತ್ರೆಯಲ್ಲಿ ಸಾಧ್ಯ ಎಂಬುದನ್ನು ಮಾತ್ರ ಅದು ತೋರಿಸಿದೆ.

ನಮ್ಮ ಕಡೆ ಮೊದಲು ಎಲ್ಲಿ?

ಕರಾವಳಿಗೆ ಇದು ಹತ್ತಿರವಾಗುವುದು ಈ ಕಾರಣಕ್ಕೇ. ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ, ಗುಟ್ಕಾ, ಬೀಡಿಯ ನಾಡಿನಲ್ಲಿ ಬಾಯಿ ಕ್ಯಾನ್ಸರ್ ಅಪರೂಪವಲ್ಲ. ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲ ಗುಂಪಿನ, ಅಂದರೆ ಸಾಕಷ್ಟು ಪುರಾವೆಯಿರುವ, ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಗಾರರಿಗೆ ಇದು ಕಹಿ, ಆ ಚರ್ಚೆ ಬೇರೆ. ಬಾಯಿ ತೆರೆದರೆ ಕಾಣುವ ಗಡ್ಡೆಗೆ ಲೇಸರ್ ಮುಟ್ಟಿಸುವುದು ಸುಲಭ. ಅಡಿಕೆಯ ದೆಸೆಯಿಂದ ಬಾಯಿ ಬಿಗಿದು ಎರಡು ಬೆರಳಿನಷ್ಟೂ ತೆರೆಯಲಾಗದವರಲ್ಲಿ ಕೂಡ ಕೂದಲೆಳೆಯಂಥ ಫೈಬರ್ ಹೋಗುತ್ತದೆ. ಬಾಯಿ ಕ್ಯಾನ್ಸರನ್ನು ಲೇಸರ್ ಬೆಳಕಿನಿಂದ ಪತ್ತೆ ಹಚ್ಚುವ ಸಂಶೋಧನೆ ಮಣಿಪಾಲದಲ್ಲಿ ಹಿಂದಿನಿಂದಲೂ ನಡೆದಿದೆ. ಫಾರ್ಮಸಿ, ಫೋಟಾನಿಕ್ಸ್ (ಬೆಳಕಿನ ತಂತ್ರಜ್ಞಾನ), ಕ್ಯಾನ್ಸರ್ ಆಸ್ಪತ್ರೆ ಮೂರೂ ಒಂದೇ ಗುಡ್ಡದ ಮೇಲಿರುವ ಊರುಗಳು ದೇಶದಲ್ಲಿ ಹೆಚ್ಚಿಲ್ಲ.

ಇಲ್ಲೂ ಒಂದು ಅಡ್ಡಿಯಿದೆ. ಬೆಳಕು ಮುಟ್ಟುವುದು ತೆಳುವಾದ, ಆರಂಭದ ಹಂತದ ಗಡ್ಡೆಯನ್ನು. ನಮ್ಮಲ್ಲಿ ಹೆಚ್ಚಿನವರು ಬರುವುದು ಗಡ್ಡೆ ದವಡೆಗೋ ಕುತ್ತಿಗೆಯ ಗಂಟುಗಳಿಗೋ ಇಳಿದ ಮೇಲೆ. ಬೇಗ ಬಂದವರಿಗೆ ಸರ್ಜರಿಯೇ ಒಳ್ಳೆಯ ಫಲ ಕೊಡುತ್ತದೆ. ನಡುವೆ ಉಳಿಯುವುದು ಸರ್ಜರಿ ಆದಮೇಲೆ ಅದೇ ಜಾಗದಲ್ಲಿ ಮರುಕಳಿಸಿದ, ಇನ್ನಷ್ಟು ರೇಡಿಯೇಷನ್ ತಡೆಯದ ರೋಗಿಗಳು. ಬೆಳಕಿನ ಗುಳ್ಳೆಗೆ ನಿಜವಾದ ಕೆಲಸ ಇರುವುದು ಬಹುಶಃ ಅವರಲ್ಲೇ.

ಎರಡು ಪರವಾನಗಿ, ಒಂದು ಬಿಲ್

ಭಾರತದಲ್ಲಿ ನ್ಯಾನೋ ಔಷಧಗಳ ಮೌಲ್ಯಮಾಪನಕ್ಕೆ 2019ರಲ್ಲಿ ಮಾರ್ಗಸೂಚಿ ಬಂದಿದೆ. ಬೆಳಕಿನ ಲಿಪೋಸೋಮ್ ಔಷಧವಷ್ಟೇ ಆಗಿದ್ದರೆ ಅದೊಂದೇ ದಾರಿ ಸಾಕಿತ್ತು. ಇದರ ಜೊತೆಗೆ ಲೇಸರ್ ಯಂತ್ರ ಬೇಕು, ಅದು ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತದೆ. ಔಷಧ ಸರಿಯಿದ್ದು ಯಂತ್ರದ ತೀವ್ರತೆ ತಪ್ಪಿದರೂ, ಯಂತ್ರ ಸರಿಯಿದ್ದು ಗುಳ್ಳೆ ಸೋರಿದರೂ ಫಲ ಕೆಡುತ್ತದೆ. ಎರಡನ್ನೂ ಸೇರಿಸಿ ಪರೀಕ್ಷಿಸುವ ಖರ್ಚು ಕೊನೆಗೆ ರೋಗಿಯ ಬಿಲ್ಲಿಗೇ ಸೇರುತ್ತದೆ. ಲಿಪೋಸೋಮ್‌ಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿಯಲ್ಲಿ, ಹೆಪ್ಪುಗಟ್ಟದಂತೆ ಇಡಬೇಕು. ಬೆಳಕಿಗೆ ತೆರೆಯುವಂಥದ್ದಾದರೆ ಕತ್ತಲಲ್ಲೂ ಇಡಬೇಕು. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ತಾಲ್ಲೂಕು ಕೇಂದ್ರಗಳಲ್ಲಿ ಇದನ್ನು ಇಟ್ಟುಕೊಳ್ಳುವುದು ಕಷ್ಟ. ಬಂದರೂ ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಿಗೆ ಸೀಮಿತವಾಗಿಯೇ ಬರುತ್ತದೆ.

ಅದಕ್ಕೂ ಮುಂಚೆ ರೋಗಿಗಳ ಮೇಲೆ ಪ್ರಯೋಗ ನಡೆಯಬೇಕು. ದೇಶದಲ್ಲಿ ನಡೆಯುವ ಇಂಥ ಪ್ರಯೋಗಗಳು 2009ರಿಂದ ಸಿಟಿಆರ್‌ಐ ಎಂಬ ಸಾರ್ವಜನಿಕ ದಾಖಲೆಯಲ್ಲಿ ಕಡ್ಡಾಯವಾಗಿ ನೋಂದಣಿಯಾಗಬೇಕು. ಯಾರು ಬೇಕಾದರೂ ಆ ಜಾಲತಾಣದಲ್ಲಿ ಔಷಧದ ಹೆಸರು, ಆಸ್ಪತ್ರೆಯ ಹೆಸರು ಹಾಕಿ ಹುಡುಕಬಹುದು. ‘ನ್ಯಾನೋ ಲೇಸರ್ ಕೀಮೋ’ ಎಂದು ಯಾರಾದರೂ ಈಗಲೇ ಪ್ಯಾಕೇಜ್ ದರ ಹೇಳಿದರೆ, ಅದು ಒಪ್ಪಿಗೆ ಪಡೆದ ಬೆಳಕಿನ ಲಿಪೋಸೋಮ್ ಚಿಕಿತ್ಸೆಯಂತೂ ಅಲ್ಲ. ಪ್ರಯೋಗ ಎನ್ನುವುದಾದರೆ ನೋಂದಣಿ ಸಂಖ್ಯೆ, ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಕೇಳಬೇಕು. ಎರಡನ್ನೂ ತೋರಿಸದಿದ್ದರೆ ಸಹಿ ಹಾಕುವ ಅಗತ್ಯವಿಲ್ಲ.